ಉದ್ರಿಗೆ ಜಾಗವಿಲ್ಲದ ಪುಸ್ತಕ: ತೊಂಬತ್ತು ದಿನಗಳ ಪ್ಲಾನರ್ ಜೊತೆ ಹದಿನೈದು ತಿಂಗಳು

ಸಣ್ಣ ಉದ್ಯಮಿಗಳಿಗೆಂದೇ ಮಾರುವ, ಮೂರು ತಿಂಗಳ ಗುರಿಗಳನ್ನು ಬರೆದಿಟ್ಟು ವಾರವಾರವೂ ನೋಡಿಕೊಳ್ಳುವಂಥ ಪ್ಲಾನರ್ ಪುಸ್ತಕವೊಂದನ್ನು ನಾನು 2024ರ ಏಪ್ರಿಲ್ 1ರಿಂದ ಬಳಸುತ್ತಿದ್ದೇನೆ. ಐದು ಪುಸ್ತಕಗಳು ತುಂಬಿ ಆರನೆಯದು ಈಗ ನಡೆಯುತ್ತಿದೆ. ಪುಟಗಳೆಷ್ಟು, ಕಾಗದ ಎಷ್ಟು ದಪ್ಪ, ರಟ್ಟು ಯಾವ ಯಾವ ಬಣ್ಣದಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಮಾರುವವರೇ ಚಿತ್ರಸಮೇತ ಹಾಕಿರುವುದರಿಂದ ನಾನು ಬಿಟ್ಟುಬಿಡುತ್ತೇನೆ. ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಇಂಥ ಪುಸ್ತಕಗಳು ಈಗ ಹತ್ತಾರು ಬಂದಿವೆ, ಉದ್ರಿಯನ್ನು, ಅಂದರೆ ಮಾರಿದ ಮಾಲಿಗೆ ಇನ್ನೂ ಬರಬೇಕಾದ ಹಣವನ್ನು, ಬರೆಯಲು ಜಾಗವಿಲ್ಲದ ಕೊರತೆ ನಾನು ತಿರುವಿ ನೋಡಿದ ಮೂರು ನಾಲ್ಕರಲ್ಲೂ ಕಂಡಿತು.

ನಮ್ಮದು ಧಾರವಾಡದಲ್ಲಿ ಕಡಕ್ ರೊಟ್ಟಿ ಮತ್ತು ಚಟ್ನಿಪುಡಿ ತಯಾರಿಸುವ ಸಣ್ಣ ಘಟಕ. ರೊಟ್ಟಿ ಬಡಿಯುವವರು ನಾಲ್ವರು, ಪಾಕೀಟು ಕಟ್ಟುವವರು ಇಬ್ಬರು, ಅಂಗಡಿಗಳಿಗೆ ಮಾಲು ಮುಟ್ಟಿಸುವ ಹುಡುಗ ಒಬ್ಬ. ಒಂದು ಪುಸ್ತಕಕ್ಕೆ 650 ರೂಪಾಯಿಯಂತೆ ವರ್ಷಕ್ಕೆ ನಾಲ್ಕು ಬೇಕು, ಅಂದರೆ 2,600 ರೂಪಾಯಿ. ಅರವತ್ತು ರೂಪಾಯಿಯ ಲಾಂಗ್ ಬುಕ್ಕಿನಲ್ಲಿ ಇಡೀ ವರ್ಷದ ಲೆಕ್ಕ ಬರೆದು ಮುಗಿಸುವ ಮನೆತನದಿಂದ ಬಂದವಳಿಗೆ ಇದು ಹಗುರವಾದ ಖರ್ಚಲ್ಲ, ಮೊದಲ ಪುಸ್ತಕ ಕೊಂಡಾಗ ಅದರ ಬೆಲೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅದು ನನಗೆ ಕೊಟ್ಟ ಸುಖವನ್ನು ಮೊದಲು ಹೇಳಬೇಕು. ಬೆಳಿಗ್ಗೆ ಆರೂವರೆಗೆ ನಾನು ಘಟಕದ ಬೀಗ ತೆಗೆಯುತ್ತೇನೆ, ಹೆಣ್ಣುಮಕ್ಕಳು ಏಳಕ್ಕೆ ಬರುತ್ತಾರೆ. ನಡುವಿನ ಅರ್ಧ ತಾಸು ನನ್ನದು. ತಕ್ಕಡಿಯ ಪಕ್ಕದಲ್ಲಿ ಒಟ್ಟಿದ ಜೋಳದ ಚೀಲಗಳ ಮೇಲೆ ಕುಳಿತು, ಚಹಾದ ಲೋಟವನ್ನು ಕೆಳಗಿನ ಚೀಲದ ಮೇಲಿಟ್ಟು, ಆ ವಾರದ ಪುಟ ತೆರೆಯುತ್ತೇನೆ. ಪೆನ್ನಿನಿಂದ ಬರೆಯುವುದನ್ನು ಎರಡನೆಯ ವಾರದಲ್ಲೇ ಬಿಟ್ಟೆ, ಏಕೆಂದರೆ ಖಾರದ ಪುಡಿ ಮೆತ್ತಿದ ಬೆರಳು ತಗುಲಿದಲ್ಲೆಲ್ಲ ಕಾಗದ ಎಣ್ಣೆ ಹಿಡಿದು ಶಾಯಿ ಹರಡುತ್ತದೆ; ಪೆನ್ಸಿಲ್ ಆದರೆ ಅದರ ಮೇಲೆಯೂ ಓಡುತ್ತದೆ. ಮೊದಲ ಪುಸ್ತಕವನ್ನು ಇಂದಿಗೂ ತೆರೆದರೆ ಗುರೆಳ್ಳಿನ ವಾಸನೆ ಬರುತ್ತದೆ.

ವಾರದ ಪುಟದ ಬಲಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕವಿದೆ. ಈ ವಾರ ಏನನ್ನು ಮಾಡುವುದಿಲ್ಲ ಎಂಬುದನ್ನು ಅದರಲ್ಲಿ ಬರೆಯಬೇಕು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಚೌಕ. ಕರದಂಟು ಮಾಡಿ ಮಾರಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಯಾರಾದರೂ ಗಿರಾಕಿ ಕೇಳಿದ ಕೂಡಲೇ ಬೆಲ್ಲ, ಅಂಟು, ಒಣಹಣ್ಣುಗಳ ಧಾರಣೆ ವಿಚಾರಿಸುತ್ತ ಅರ್ಧ ದಿನ ಕಳೆಯುತ್ತಿದ್ದೆ. ಮೊದಲ ಎರಡು ಪುಸ್ತಕಗಳ ಇಪ್ಪತ್ತಾರು ವಾರಗಳಲ್ಲಿ ಇಪ್ಪತ್ತೆರಡು ವಾರ ಆ ಚೌಕದಲ್ಲಿ ‘ಕರದಂಟು’ ಎಂದು ಬರೆದಿದ್ದೇನೆ. ಹಾಗೆ ಬರೆದದ್ದರಿಂದಲೇ ರೊಟ್ಟಿಯ ಕಡೆ ಗಮನ ನಿಂತು, ದಿನಕ್ಕೆ 600 ಇದ್ದದ್ದು ಮೊದಲ ಪುಸ್ತಕ ಮುಗಿಯುವ ಹೊತ್ತಿಗೆ 800ಕ್ಕೆ ಏರಿತು ಎಂಬುದು ನನ್ನ ನಂಬಿಕೆ.

ತಾರೀಖುಗಳನ್ನು ಮುದ್ರಿಸದೆ ಖಾಲಿ ಬಿಟ್ಟಿರುವುದೂ ಒಳ್ಳೆಯದೇ ಆಯಿತು. ನಾನು ಪುಸ್ತಕವನ್ನು ತೆರಿಗೆಯ ತ್ರೈಮಾಸಿಕಕ್ಕೆ ಹೊಂದಿಸಿಕೊಂಡಿದ್ದೇನೆ. ನಾವು ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವವರು, ಅಂದರೆ ಒಟ್ಟು ಮಾರಾಟದ ಮೇಲೆ ಇಂತಿಷ್ಟೆಂದು ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು; ತ್ರೈಮಾಸಿಕ ಮುಗಿದ ಮರುತಿಂಗಳ 18ನೇ ತಾರೀಖಿನೊಳಗೆ ಸಿಎಂಪಿ-08 ಎಂಬ ತೆರಿಗೆಯ ವಿವರ ಸಲ್ಲಿಸಬೇಕು. ಹಾಗಾಗಿ ಪ್ರತಿ ಹೊಸ ಪುಸ್ತಕದ ಮೂರನೆಯ ವಾರದಲ್ಲಿ ಆ ಕೆಲಸ ತಾನಾಗಿಯೇ ಬಂದು ಕೂರುತ್ತದೆ. ಆದರೆ ಅದೇ ಪುಸ್ತಕ ಮೊದಲ ಪುಟದಲ್ಲಿ ‘ಹೊಸ ಮಾರುಕಟ್ಟೆಗೆ ಕಾಲಿಡಿ, ದೊಡ್ಡದಾಗಿ ಯೋಚಿಸಿ’ ಎಂದು ಹುರಿದುಂಬಿಸುತ್ತದೆ. ನಾನು ಆ ಮಾತಿಗೆ ಮರುಳಾಗಿ ‘ಸಾಂಗ್ಲಿಯಲ್ಲಿ ಎರಡು ಅಂಗಡಿ’ ಎಂದು ಗುರಿ ಬರೆದು, ಅಲ್ಲಿಗೆ ಹೋಗಿ ಮಾದರಿ ಪಾಕೀಟುಗಳನ್ನು ಕೊಟ್ಟೂ ಬಂದೆ. ಕಾಂಪೊಸಿಷನ್‌ನಲ್ಲಿರುವವರು ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ ಎಂದು ನಮ್ಮ ಲೆಕ್ಕಪತ್ರ ನೋಡುವವರು ನೆನಪಿಸಿದಾಗ ಆ ಗುರಿಯನ್ನು ರಬ್ಬರಿನಿಂದ ಅಳಿಸಬೇಕಾಯಿತು. ತಪ್ಪು ನನ್ನದೇ, ಪುಸ್ತಕದ್ದಲ್ಲ.

ಗುರಿಗಳನ್ನು ಬರೆಯುವ ಪುಟದಲ್ಲಿ ‘ಸ್ಮಾರ್ಟ್’ ಎಂಬ ಐದಕ್ಷರದ ಸೂತ್ರವನ್ನು ಅಚ್ಚು ಹಾಕಿದ್ದಾರೆ. ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಸಾಧಿಸುವಂತಿರಬೇಕು ಎಂದು ಮುಂದುವರಿಯುವ ಈ ಪಾಠವನ್ನು ಉದ್ಯಮ ತರಬೇತಿಗೆ ಹೋದವರೆಲ್ಲ ಕೇಳಿರುತ್ತಾರೆ. ಜಾರ್ಜ್ ಡೋರಾನ್ ಎಂಬ ಅಮೆರಿಕದವರು 1981ರಲ್ಲಿ ಈ ಸೂತ್ರವನ್ನು ಬರೆದಾಗ ಮೂರನೆಯ ಅಕ್ಷರದ ಅರ್ಥ ‘ಸಾಧಿಸುವಂತಿರಬೇಕು’ ಎಂದಿರಲಿಲ್ಲ. ಆ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ಗೊತ್ತಾಗಿರಬೇಕು ಎಂದಿತ್ತು. ಪುಸ್ತಕ ಮುದ್ರಿಸಿದವರು ಇದನ್ನು ಉಳಿಸಿಕೊಂಡಿದ್ದರೆ ನನಗೆ ಒಂದು ತಿಂಗಳು ಉಳಿಯುತ್ತಿತ್ತು. ಮೊದಲ ಪುಸ್ತಕದಲ್ಲಿ ‘ಮುರಿದ ರೊಟ್ಟಿಯ ಪ್ರಮಾಣ ಅರ್ಧಕ್ಕೆ ಇಳಿಯಬೇಕು’ ಎಂದು ಚೆಂದವಾಗಿ ಬರೆದುಕೊಂಡಿದ್ದೆ, ನಾಲ್ಕು ವಾರವಾದರೂ ಏನೂ ಇಳಿಯಲಿಲ್ಲ. ನಾವೆಲ್ಲ ಕಾಕು ಎಂದು ಕರೆಯುವ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಕೆಲಸದವರಿಗೆ ಒಂದು ದಿನ ಆ ಪುಟ ತೋರಿಸಿದೆ. “ಬರದದ್ದು ಬರೋಬರಿ ಐತ್ರಿ ಅಕ್ಕಾರ, ಆದ್ರ ಇದನ್ನ ಯಾರ ಮಾಡಬೇಕಂತ ಬರದಿಲ್ಲಲ್ರೀ” ಎಂದರು ಅವರು. ಅಂದಿನಿಂದ ಪ್ರತಿ ಗುರಿಯ ಮುಂದೆ ಒಂದು ಹೆಸರು ಬರೆಯುತ್ತೇನೆ. ರೊಟ್ಟಿಯನ್ನು ಪೂರ್ತಿ ಆರಿಸದೆ ಪಾಕೀಟಿಗೆ ಹಾಕುತ್ತಿದ್ದುದೇ ಮುರಿಯಲು ಕಾರಣವೆಂದು ಕಾಕು ಎರಡೇ ದಿನದಲ್ಲಿ ಕಂಡುಹಿಡಿದರು. ಬಿಸಿಗೆ ಮೆತ್ತಗಾದ ರೊಟ್ಟಿ ಡಬ್ಬಿಯಲ್ಲಿ ಒಂದರ ಮೇಲೊಂದು ಕೂತಾಗ ಅಂಚು ಬಿರಿಯುತ್ತಿತ್ತು.

ಇಲ್ಲಿಯವರೆಗಿನ ಮಾತನ್ನು ಮಾತ್ರ ಓದಿದವರು ಐದಕ್ಕೆ ಐದು ನಕ್ಷತ್ರ ಕೊಡುತ್ತಾರೆ, ಆರು ತಿಂಗಳು ಬಳಸಿದಾಗ ನಾನೂ ಹಾಗೆಯೇ ಕೊಟ್ಟಿದ್ದೆ. ಆ ನಕ್ಷತ್ರಗಳನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ.

ಮೂರನೆಯ ಪುಸ್ತಕ 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು. ದಸರೆ, ದೀಪಾವಳಿ, ಮದುವೆಗಳು ಎಲ್ಲವೂ ಆ ಮೂರು ತಿಂಗಳಲ್ಲಿಯೇ ಬರುತ್ತವೆ. ನಾನು ಮೂರು ಗುರಿಗಳನ್ನು ಬರೆದೆ: ಶೇಂಗಾ ಚಟ್ನಿಪುಡಿಯ ಮಾರಾಟವನ್ನು ಒಂದೂವರೆ ಪಟ್ಟು ಮಾಡುವುದು, ಹುಬ್ಬಳ್ಳಿಯಲ್ಲಿ ಆರು ಹೊಸ ಅಂಗಡಿಗಳನ್ನು ಹಿಡಿಯುವುದು, ಅಲ್ಲಿನ ಒಂದು ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಜಾಗ ಪಡೆಯುವುದು. ಹನ್ನೊಂದನೆಯ ವಾರದಲ್ಲಿಯೇ ಮೂರಕ್ಕೂ ಗುರುತು ಬಿತ್ತು. ಕೊನೆಯ ಪುಟದಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅಭಿನಂದನೆಯೊಂದನ್ನು ಅಚ್ಚು ಹಾಕಿದ್ದಾರೆ. ಅದನ್ನು ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೆ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಜನವರಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುತ್ತಿರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಬಣ್ಣ ಗಾಢ, ಖಾರ ಕಡಿಮೆ. ನಮ್ಮ ಚಟ್ನಿಪುಡಿಯ ಕೆಂಪೆಲ್ಲ ಅದರದೇ. ವರ್ಷಕ್ಕೆ ನಮಗೆ ಐದು ಕ್ವಿಂಟಲ್ ಬೇಕು, ಅದನ್ನು ಸುಗ್ಗಿಯಲ್ಲಿಯೇ ಆರಿಸಿ ಕೊಂಡು ಒಣಗಿಸಿ ಕಟ್ಟಿಡುವುದು ನಮ್ಮ ಪದ್ಧತಿ. ಹೊರಡುವ ಹಿಂದಿನ ರಾತ್ರಿ ಬ್ಯಾಂಕಿನ ಖಾತೆ ನೋಡಿದರೆ ಎರಡು ಕ್ವಿಂಟಲ್‌ಗೆ ಸಾಲುವಷ್ಟೇ ಹಣವಿತ್ತು. ಲಾಂಗ್ ಬುಕ್ ತೆಗೆದು ಒಂದೊಂದಾಗಿ ಕೂಡಿಸಿದಾಗ ಅಂಗಡಿಗಳಲ್ಲಿ ನಿಂತಿದ್ದ ಉದ್ರಿ 1,86,000 ರೂಪಾಯಿ ಎಂದು ತಿಳಿಯಿತು. ಮಾರಾಟ ಒಂದೂವರೆ ಪಟ್ಟಾದದ್ದು ನಿಜ. ಆ ಹೆಚ್ಚಿನ ಅರ್ಧವೆಲ್ಲ ಹೊಸ ಅಂಗಡಿಗಳ ಕಪಾಟಿನಲ್ಲಿ, ಬಾಕಿಯ ರೂಪದಲ್ಲಿ ಕುಳಿತಿತ್ತು. ಉಳಿದ ಮೂರು ಕ್ವಿಂಟಲ್ ಮೆಣಸಿನಕಾಯಿಯನ್ನು ಮುಂದೆ ಊರಿನ ವ್ಯಾಪಾರಿಯಿಂದ ಬಿಡಿಬಿಡಿಯಾಗಿ, ಕಿಲೋಗೆ ಮೂವತ್ತು ರೂಪಾಯಿ ಹೆಚ್ಚು ಕೊಟ್ಟು ತಂದೆ. ಹಾಗೆ ಕೈಬಿಟ್ಟ 9,000 ರೂಪಾಯಿಗಿಂತಲೂ ಆ ಕಾಯಿಯ ಬಣ್ಣ ಒಂದೊಂದು ಸಲ ಒಂದೊಂದು ತೆರನಾಗಿ ಬಂದು, ಹಳೆಯ ಗಿರಾಕಿಗಳು “ಈ ಸಲ ಚಟ್ನಿ ಯಾಕೋ ಮಾಸಲಾಗೇತಿ” ಎಂದದ್ದು ಹೆಚ್ಚು ನೋಯಿಸಿತು.

ಆ ರಾತ್ರಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿದೆ. ನೀರು ಎಷ್ಟು ಲೋಟ ಕುಡಿದೆ ಎಂದು ಗುರುತು ಹಾಕಲು ಎಂಟು ಪುಟ್ಟ ಹನಿಗಳ ಚಿತ್ರವಿದೆ, ಓದಬೇಕಾದ ಪುಸ್ತಕಗಳ ಪಟ್ಟಿಗೆ ಪುಟವಿದೆ, ಕನಸಿನ ಚಿತ್ರಗಳನ್ನು ಅಂಟಿಸಲು ಎರಡು ಪುಟಗಳಿವೆ. ಮಾರಾಟ ಎಷ್ಟಾಯಿತು ಎಂದು ಬರೆಯಲು ವಾರಕ್ಕೊಂದು ಸಾಲಿದೆ. ಮಾರಿದ್ದರಲ್ಲಿ ಕೈಗೆ ಬಂದದ್ದೆಷ್ಟು, ಯಾರಿಂದ ಬರಬೇಕು, ಎಷ್ಟು ದಿನವಾಯಿತು ಎಂದು ಬರೆಯಲು ಬೆರಳಗಲದ ಜಾಗವೂ ಇಲ್ಲ. ಮಾರಿದ ಕ್ಷಣವೇ ಹಣ ಬರುತ್ತದೆ ಎಂದು ನಂಬಿದವರು ಈ ಪುಸ್ತಕವನ್ನು ರೂಪಿಸಿದ್ದಾರೆ. ನಮ್ಮ ಕಡೆಯ ಕಿರಾಣಿ ವ್ಯಾಪಾರವನ್ನು ಅವರು ಕಂಡಿರಲಾರರು.

ನಾಲ್ಕನೆಯ ಪುಸ್ತಕವನ್ನು ಆದರೂ ಕೊಂಡೆ, ಬೆಳಗಿನ ಅರ್ಧ ತಾಸನ್ನು ಬಿಡಲು ಮನಸ್ಸಾಗಲಿಲ್ಲ. ಕನಸಿನ ಚಿತ್ರದ ಎರಡು ಪುಟಗಳ ಮೇಲೆ ಲಾಂಗ್ ಬುಕ್ಕಿನ ಹಾಳೆಗಳನ್ನು ಅಂಟಿಸಿ ಅಂಗಡಿ, ಬಾಕಿ, ದಿನ ಎಂದು ಮೂರು ಗೆರೆ ಎಳೆದೆ. ಮೊದಲ ಗುರಿಯಾಗಿ ‘ಮಾರ್ಚ್ 31ಕ್ಕೆ ಉದ್ರಿ 80,000ಕ್ಕಿಂತ ಕೆಳಗೆ’ ಎಂದು ಬರೆದೆ. ಮೊದಲ ವಾರದ ಕೆಲಸವಾಗಿ ನಮ್ಮ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲುಗಳ ಮೇಲೆ ಮುದ್ರಿಸಿದೆ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಬರಹದ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು ಎಂಬುದು 2006ರ ಕಾಯ್ದೆ. ಹಾಗೆ ಕೊಡದೆ ಉಳಿಸಿಕೊಂಡ ಮೊತ್ತವನ್ನು ಅದೇ ವರ್ಷದ ಖರ್ಚಿನಲ್ಲಿ ತೋರಿಸಲಾಗದು, ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು ಎಂಬ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಸೂಪರ್ ಮಾರ್ಕೆಟ್ಟಿನವರಿಗೆ ಈ ಮಾತನ್ನು ವಿನಯದಿಂದಲೇ ನೆನಪಿಸಿದೆ; ಅವರ ಮೂರು ತಿಂಗಳ ಬಾಕಿ ಮಾರ್ಚ್ ಮೂರನೆಯ ವಾರದಲ್ಲಿ ಬಂದಿತು. ಸಣ್ಣ ಕಿರಾಣಿ ಅಂಗಡಿಗಳಲ್ಲಿ ಈ ಕಾಯ್ದೆಯ ಮಾತು ನಡೆಯುವುದಿಲ್ಲ. ಅಲ್ಲಿ ಹಳೆಯ ಬಿಲ್ಲಿನ ಹಣ ಕೊಟ್ಟರಷ್ಟೇ ಹೊಸ ಡಬ್ಬಿ ಇಳಿಸು ಎಂದು ಹುಡುಗನಿಗೆ ಹೇಳಿಕೊಟ್ಟೆ, ಗುರಿಯ ಮುಂದೆ ಅವನ ಹೆಸರನ್ನೇ ಬರೆದೆ. ಎರಡು ಅಂಗಡಿಗಳು ನಮ್ಮ ಮಾಲು ಬೇಡವೆಂದವು. ಮಾರ್ಚ್ 31ಕ್ಕೆ ಉದ್ರಿ 91,000 ಇತ್ತು, ಗುರಿ ಮುಟ್ಟಲಿಲ್ಲ. ಆ ಪುಸ್ತಕದ ಅಭಿನಂದನೆಯ ಪುಟವನ್ನು ನಾನು ಖಾಲಿ ಬಿಟ್ಟಿದ್ದೇನೆ. ಐದು ಪುಸ್ತಕಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಮಾತ್ರ ಆ ಪುಸ್ತಕವೇ.

ಬೇರೆ ಸಣ್ಣ ದೂರುಗಳೂ ಇವೆ. ಗುರುತಿನ ದಾರ ಎರಡನೆಯ ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ, ಮುದ್ರಿತ ಮಾತೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕಾಕು ಓದಲಾರರು. ಬೇಕರಿ, ಖಾನಾವಳಿ, ಹೊಲಿಗೆಯಂಥ ಕೈಯಿಂದ ಕೈಗೆ ಹಣ ಬರುವ ಕಸುಬಿನವರು ಈ ಪುಸ್ತಕವನ್ನು ಧಾರಾಳವಾಗಿ ಕೊಳ್ಳಬಹುದು. ಅಂಗಡಿಗಳಿಗೆ ಮಾಲು ಹಾಕಿ ಬಾಕಿಗೆ ಅಲೆಯುವವರು ಜೊತೆಗೊಂದು ಲಾಂಗ್ ಬುಕ್ ಮತ್ತು ಅಂಟಿನ ಸೀಸೆಯನ್ನೂ ಇಟ್ಟುಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ನಕ್ಷತ್ರ.

ಬಾಕಿಗಾಗಿ ಒಂದು ಪುಟ ಸೇರಿಸಿ ಎಂದು ಏಪ್ರಿಲ್‌ನಲ್ಲಿ ಕಂಪನಿಗೆ ಬರೆದಿದ್ದೆ. ನಿಮ್ಮ ಸಲಹೆಗೆ ಧನ್ಯವಾದಗಳು, ಹೊಸ ಆವೃತ್ತಿಯಲ್ಲಿ ಸುಧಾರಣೆಗಳಿವೆ ಎಂಬ ಉತ್ತರ ಬಂದಿತು. ಜುಲೈಗೆಂದು ತರಿಸಿದ ಆರನೆಯ ಪುಸ್ತಕ ಆ ಹೊಸ ಆವೃತ್ತಿಯದೇ. ಅದರಲ್ಲಿ ಪ್ರತಿ ವಾರಕ್ಕೂ ಒಂದು ಹೊಸ ಪುಟವಿದೆ: ನೀವು ಯಾರು ಯಾರಿಗೆ ಕೃತಜ್ಞರು ಎಂಬುದನ್ನು ಬರೆಯಲು ಹತ್ತು ಸಾಲುಗಳು, ಪ್ರತಿ ಸಾಲಿನ ಬಲಕ್ಕೆ ಏಕೆ ಎಂದು ಬರೆಯಲು ಚಿಕ್ಕದೊಂದು ಜಾಗ. ಎಡಕ್ಕೆ ಅಂಗಡಿಯ ಹೆಸರು, ಬಲಕ್ಕೆ ಮೊತ್ತ, ಅಳತೆ ಹೇಳಿ ಮಾಡಿಸಿದಂತಿದೆ. ಈ ವಾರ ಏಳು ಜನರಿಗೆ ಕೃತಜ್ಞಳಾಗಿದ್ದೇನೆ, ಒಟ್ಟು 64,300 ರೂಪಾಯಿ.