ಹೊಂಗೆ ಮರದ ಕೆಳಗೊಂದು ರೋಡ್‌ಸ್ಟರ್: ಹನ್ನೊಂದು ವರ್ಷ ಇಟ್ಟುಕೊಂಡವನ ಅನುಭವ

ನನ್ನದು 1992ರ ಯೂನೋಸ್ ರೋಡ್‌ಸ್ಟರ್. ಹೊರದೇಶಗಳಲ್ಲಿ ಮಾಜ್ದಾ ಎಂಎಕ್ಸ್-5 ಅಂತ ಹೆಸರಾದ ಎರಡು ಸೀಟಿನ ಓಪನ್ ಟಾಪ್ ಕಾರನ್ನು ಜಪಾನಿನಲ್ಲಿ ಮೊದಲು ಮಾರಿದ್ದು ಈ ಹೆಸರಿನಲ್ಲಿ. ಅಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದವರೊಬ್ಬರು ಮನೆ ಸಾಮಾನಿನ ಜೊತೆ ತಂದಿದ್ದ ಗಾಡಿ. 2014ರಲ್ಲಿ ಅವರಿಂದ ಕೊಂಡಾಗ 71,000 ಕಿ.ಮೀ. ಓಡಿತ್ತು, ಈಗ 1,18,000. ಬನಶಂಕರಿಯಲ್ಲಿ ನಮ್ಮ ಮನೆ ಕಾಂಪೌಂಡಿನೊಳಗೆ, ರಸ್ತೆಯ ಹೊಂಗೆ ಮರದ ಕೊಂಬೆ ಚಾಚಿರುವ ಕಡೆ ನಿಲ್ಲುತ್ತದೆ. ಬೇರೆ ಜಾಗ ಇಲ್ಲ.

ಇಂಥ ಕಾರು ತಗೋಬೇಕು ಅಂತಿರುವವರು ಮೊದಲು ಕೇಳುವುದು ಎಂಜಿನ್ ಬಗ್ಗೆ. 1.6 ಲೀಟರಿನ ಈ ಎಂಜಿನ್ ಗಟ್ಟಿಮುಟ್ಟು. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುವುದಿಲ್ಲ. ಹಾಗಂತ ಬೆಲ್ಟನ್ನು ಮರೆಯಬೇಡಿ. 1 ಲಕ್ಷ ಕಿ.ಮೀ.ಗೆ ಬದಲಿಸಬೇಕು, ವಾಟರ್ ಪಂಪ್ ತಿರುಗುವುದು ಬೇರೆ ಬೆಲ್ಟಿನಲ್ಲಾದರೂ ಅದನ್ನು ತೆಗೆಯಲು ಇದನ್ನೇ ಬಿಚ್ಚಬೇಕು, ಹಾಗಾಗಿ ಅದನ್ನೂ ಜೊತೆಯಲ್ಲೇ ಹಾಕಿಸಿ. ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಿನ (ಕ್ರ್ಯಾಂಕ್) ತುದಿಯ ಗಾಲಿ, ನೋಡಿ. ನಾಲ್ಕು ಸೀಳು ಕಂಡರೆ ಮೊದಮೊದಲಿನ ಗಾಡಿಗಳ ಗಿಡ್ಡ ಮೂತಿಯ ಕ್ರ್ಯಾಂಕ್, ಪುಲ್ಲಿಯನ್ನು ಅದಕ್ಕೆ ಹಿಡಿದಿಡುವ ಕೀ ಎಂಬ ಲೋಹದ ತುಂಡು ಸವೆದು ಪುಲ್ಲಿ ಅಲ್ಲಾಡುವ ಸಂಭವ ಇದೆ. ಎಂಟು ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ನನ್ನದರಲ್ಲಿ ಎಂಟಿತ್ತು.

ನನ್ನನ್ನು ನಿಜವಾಗಿ ಕಾಡಿದ್ದು ನೀರು. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆ ಹಿಂಭಾಗದ ಒಂದು ಪ್ಲಾಸ್ಟಿಕ್ ಪಟ್ಟಿಗೆ ಇಳಿದು, ಸೀಟುಗಳ ಹಿಂದೆ, ಸೀಟ್ ಬೆಲ್ಟಿನ ಮಗ್ಗುಲಲ್ಲಿರುವ ಎರಡು ತೂತುಗಳ ಮೂಲಕ ಕಾರಿನ ತಳಕ್ಕೆ ಹೋಗಬೇಕು. ಎಡಕ್ಕೊಂದು, ಬಲಕ್ಕೊಂದು. ಯುಗಾದಿ ಕಳೆದ ಮೇಲೆ ಹೊಂಗೆ ಹೂ ಉದುರುವ ಕಾಲಕ್ಕೆ ಸರಿಯಾಗಿ ಮೇ ತಿಂಗಳ ಜೋರು ಮಳೆ ಶುರುವಾಗುತ್ತದೆ. ಹೂವಿನ ಮೊಗ್ಗು ಅಕ್ಕಿ ಕಾಳಿನಷ್ಟೇ ದಪ್ಪ, ನೇರ ತೂತಿಗೆ ಇಳಿಯುತ್ತದೆ. 2015ರ ಮೇನಲ್ಲಿ ಒಂದು ಬೆಳಿಗ್ಗೆ ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಿಂದ ಕಾಫಿ ಬಣ್ಣದ ನೀರು ಬಂತು. ಕಾರ್ಪೆಟ್ ಎತ್ತಿ ನೋಡಿದೆ. ಹೂವೆಲ್ಲ ಕೊಳೆತು, ಒದ್ದೆ ಕಾಫಿ ಗಸಿ ಹಾಗೆ ತೂತಿನ ಬಾಯಿಗೆ ಮೆತ್ತಿಕೊಂಡಿತ್ತು. ಹೊರಗೆ ಹೋಗಲು ದಾರಿ ಇಲ್ಲದ ನೀರು ಬಾಗಿಲ ಕೆಳಗಿನ ಟೊಳ್ಳು ಭಾಗಕ್ಕೆ, ಅಂದರೆ ಸಿಲ್‌ಗೆ, ನುಗ್ಗುತ್ತದೆ. ಈ ಕಾರಿಗೆ ತುಕ್ಕು ಹಿಡಿಯುವುದು ಅಲ್ಲೇ, ಹಿಂದಿನ ಚಕ್ರದ ಮುಂದೆ, ಒಳಗಿನಿಂದ ಹೊರಕ್ಕೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡು ಉಳಿದಿರುವುದಿಲ್ಲ.

ಆಗ ನಾನು ಮಾಡಿದ ತಪ್ಪೂ ಹೇಳುತ್ತೇನೆ. ನಗರದ ಒಂದು ಗ್ಯಾರೇಜಿಗೆ ಬಿಟ್ಟು "ನೀರು ಬರ್ತಿದೆ, ನಿಲ್ಲಿಸಿ" ಅಂದೆ. ಅವರು ಸೀಳಿದ್ದ ಪ್ಲಾಸ್ಟಿಕ್ ಪಟ್ಟಿಗೆ ಉದ್ದಕ್ಕೂ ಸಿಲಿಕೋನ್ ಬಳಿದು ಕಳಿಸಿದರು. ಸಿಲಿಕೋನ್ ಜಾರಿ ಬಲಗಡೆಯ ತೂತನ್ನೇ ಮುಚ್ಚಿತ್ತು. ಮುಂದಿನ ಮಳೆಗೆ ಕಾಲಡಿಯಲ್ಲೂ ನೀರು ನಿಂತಿತು. ಅದನ್ನು ಕೆರೆದು ತೆಗೆಯಲು ನನಗೆ ಎರಡು ಭಾನುವಾರ ಹಿಡಿಯಿತು. ಈಗ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ತಿಂಗಳಿಗೊಮ್ಮೆ ಮೇಲಿನಿಂದ ಬಿಟ್ಟು ಆಡಿಸಿ, ಅರ್ಧ ಚೊಂಬು ನೀರು ಹುಯ್ದು, ಅದು ಕೆಳಗೆ ಸುರಿಯುವುದನ್ನು ಕಣ್ಣಾರೆ ನೋಡುತ್ತೇನೆ. ಕಂಪ್ರೆಸರ್ ಗಾಳಿ ಮಾತ್ರ ಹೊಡೆಯಬೇಡಿ, ಒಳಗಿನ ಕೊಳವೆ ಕಳಚಿಕೊಂಡರೆ ಕೆಲಸ ಇಮ್ಮಡಿ.

2018ರಲ್ಲಿ ಟಾಪನ್ನೇ ಬದಲಿಸಿದೆ. ಬ್ರಿಟನ್ನಿನಿಂದ ಹೊಸ ಬಟ್ಟೆ, ಹೊಸ ಪ್ಲಾಸ್ಟಿಕ್ ಪಟ್ಟಿ ತರಿಸಿದೆ, ಕೂರಿಸಿಕೊಟ್ಟವರು ಜೆ.ಸಿ. ರಸ್ತೆಯ ಕುಶನ್ ಕೆಲಸದವರು. ಹಿಂದೆಂದೂ ಈ ಕಾರು ನೋಡಿರದ ಆ ಹಿರಿಯರು ಹಳೆಯ ಬಟ್ಟೆಯನ್ನು ಬಿಸಾಡಲು ಬಿಡಲಿಲ್ಲ. "ಇರ್ಲಿ ಸಾರ್, ಅದೇ ನಮಗೆ ಅಳತೆ" ಅಂತ ಹೇಳಿ, ಹಳೆಯದರ ಪ್ರತಿ ರಿವೆಟ್ಟಿನ ಜಾಗವನ್ನೂ ಸೀಮೆಸುಣ್ಣದಲ್ಲಿ ಹೊಸದರ ಮೇಲೆ ಗುರುತು ಹಾಕಿಕೊಂಡೇ ಸುತ್ತಿಗೆ ಮುಟ್ಟಿದ್ದು. ಏಳು ವರ್ಷವಾಯಿತು, ಒಂದು ಹನಿ ಒಳಗೆ ಬಂದಿಲ್ಲ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾದರೆ ಜಿಪ್ ಬಿಚ್ಚಿ ಮಲಗಿಸಿಯೇ ಟಾಪ್ ಇಳಿಸಿ, ಮಡಚಿದರೆ ಬಿರುಕು ಖಂಡಿತ.

ಇನ್ನು ಗೇರ್ ಲಿವರ್. ಇದರ ಗೇರ್ ಹಾಕುವ ಸುಖಕ್ಕೇ ಎಷ್ಟೋ ಜನ ಈ ಕಾರು ಕೊಳ್ಳುತ್ತಾರೆ, ಮಣಿಕಟ್ಟು ಆಡಿಸಿದರೆ ಸಾಕು. ನನ್ನದರಲ್ಲಿ ಅದು ಮರಳಿನಲ್ಲಿ ಕೋಲು ಆಡಿಸಿದ ಹಾಗಿತ್ತು, ಜೊತೆಗೆ ಲಿವರಿನ ಬುಡದಿಂದ ಬಿಸಿ ಗಾಳಿ. ಗೇರ್‌ಬಾಕ್ಸ್ ಬಿಚ್ಚಬೇಕು ಅಂತ ಇಬ್ಬರು ಹೇಳಿದರು. ವಿಲ್ಸನ್ ಗಾರ್ಡನ್ನಿನ ನಮ್ಮ ಮೆಕ್ಯಾನಿಕ್ ಒಪ್ಪಲಿಲ್ಲ. ಕನ್ಸೋಲ್ ತೆಗೆದು, ಮೇಲಿನ ರಬ್ಬರ್ ಸರಿಸಿ, ಮೂರು ಬೋಲ್ಟ್ ಬಿಚ್ಚಿ ಲಿವರನ್ನು ಮೇಲಕ್ಕೆ ಎಳೆದರು. ಲಿವರ್ ಕೂರುವ ಗುಳಿಗೆ ಗೇರ್‌ಬಾಕ್ಸಿನದಲ್ಲದ ತನ್ನದೇ ಆಯಿಲ್ ಇರಬೇಕು. ಅಲ್ಲಿ ಒಣ ಕಪ್ಪು ಜಿಡ್ಡು ಬಿಟ್ಟರೆ ಏನೂ ಇರಲಿಲ್ಲ, ಕೆಳಗಿನ ರಬ್ಬರ್ ಬೂಟ್ (ಕವಚ) ಹರಿದು ಎರಡು ಹೋಳಾಗಿತ್ತು. ಗುಳಿ ಒರೆಸಿ, ಹೊಸ ಬೂಟ್, ಹೊಸ ನೈಲಾನ್ ಬುಷ್ ಹಾಕಿ, 75ಡಬ್ಲ್ಯೂ-90 ಆಯಿಲ್ ಸುಮಾರು 80 ಮಿ.ಲೀ. ಹುಯ್ದೆವು. ಅಂದು ಸಂಜೆ ಲಾಲ್‌ಬಾಗ್ ಸುತ್ತ ಸುಮ್ಮನೆ ಎರಡು ಸುತ್ತು ಹಾಕಿದೆ, ಬರೀ ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಗೇರ್ ಹಾಕಲಿಕ್ಕೆ.

ಅಪ್‌ಗ್ರೇಡ್ ಅಂದರೆ ಎಲ್ಲರ ಮನಸ್ಸು ಪವರ್ ಕಡೆ ಓಡುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರ; ಟರ್ಬೋ ಇಲ್ಲದ ಎಂಜಿನ್ನಿಗೆ ಶೇ. 10ರ ಹತ್ತಿರ ಶಕ್ತಿ ಇಲ್ಲಿನ ತೆಳು ಗಾಳಿಯಲ್ಲೇ ಹೋಗುತ್ತದೆ. ಆದರೂ ಟರ್ಬೋ ಹಾಕಿಸಬೇಡಿ ಅಂತಲೇ ನನ್ನ ಸಲಹೆ. ಒಂದು ಟನ್ನಿಗಿಂತ ಕಡಿಮೆ ತೂಕದ ಗಾಡಿಗೆ ಇರುವ 120 ಪಿಎಸ್ ಧಾರಾಳ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಎಂಜಿನ್ನಿಗೆ ಬೇಕಾಗುವುದು ತಂಪು. ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಒಡೆಯುವ ಕಾಲ ಬಂತು ಅಂತ ಅರ್ಥ. ನಾನು ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದೆ, ಕೊಟ್ಟ ಕಾಸಿಗೆ ಮೋಸವಾಗಲಿಲ್ಲ. ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದಕ್ಕೆ ಮಾತ್ರ ಇಂದಿಗೂ ಬೇಸರವಿದೆ. ನಮ್ಮ ಬಡಾವಣೆಯ ಹಂಪ್‌ಗಳಿಗೆ ಸೈಲೆನ್ಸರ್ ತಾಗಿ ತಾಗಿ ತಿಂಗಳೊಳಗೆ ಬಿಚ್ಚಿಸಿದೆ. ಟೈರ್ ಚಿಂತೆ ಇಲ್ಲ, 185/60 ಆರ್14 ಅಳತೆಯದು ಇಲ್ಲೇ ಸಿಗುತ್ತದೆ.

ಪೆಟ್ರೋಲ್ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20. ಮೂವತ್ತು ವರ್ಷದ ಹಿಂದಿನ ರಬ್ಬರ್ ಹೋಸ್ ಅದಕ್ಕೆಂದು ಮಾಡಿದ್ದಲ್ಲ. ಬಲಗಡೆ ಹಿಂದಿನ ಚಕ್ರದ ಮುಂದಿರುವ ಫ್ಯೂಯೆಲ್ ಫಿಲ್ಟರ್ ಹತ್ತಿರ ವಾಸನೆ ಬಂದು ನೋಡಿದರೆ ಹೋಸ್ ಬಗ್ಗಿಸಿದ ಕಡೆಯೆಲ್ಲ ಸಣ್ಣ ಬಿರುಕು. ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲಾ ಹೋಸ್ ಬದಲಿಸಿದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಎರಡು ವಾರಕ್ಕಿಂತ ಹೆಚ್ಚು ಗಾಡಿಯನ್ನು ನಿಲ್ಲಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ನಂದಿ ಬೆಟ್ಟದ ಬುಡದವರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ಮಗಳಿಗೂ ನನಗೂ ಹಬ್ಬ.

ಬಿಡಿಭಾಗಗಳು ಕಷ್ಟ, ಆದರೆ ಸಿಗುತ್ತವೆ. ಇಲ್ಲಿ ಕಂಪನಿಯ ಶೋರೂಮ್ ಇಲ್ಲ. ಜಪಾನಿನಲ್ಲಿ ಮಾಜ್ದಾ 2017ರಲ್ಲಿ ಈ ಮೊದಲ ತಲೆಮಾರಿನ ಕಾರುಗಳಿಗೆ ರಿಪೇರಿ ಸೇವೆ ತೆರೆದು, ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸಲು ಶುರುಮಾಡಿತು. ಕೊರಿಯರ್, ಕಸ್ಟಮ್ಸ್ ಸೇರಿದರೆ ಬೆಲೆ ಇಮ್ಮಡಿಯಾಗುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಒಟ್ಟಿಗೆ ತರಿಸುತ್ತೇನೆ. ದೊಡ್ಡ ಹೊರೆ ಆರ್‌ಟಿಒ ಶುಲ್ಕ. ಆಮದು ಮಾಡಿದ ನಾಲ್ಕು ಚಕ್ರದ ಹಳೆಯ ಗಾಡಿಯ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 40,000 ರೂಪಾಯಿ. 2024ರಲ್ಲಿ ನಾನು ಕಟ್ಟಿದ್ದು ಅಷ್ಟು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಅದು 80,000 ಆಯಿತು. ಐದು ವರ್ಷಕ್ಕೊಮ್ಮೆ ಬರುವ ಖರ್ಚು, ಈಗಿನಿಂದಲೇ ತಿಂಗಳು ತಿಂಗಳು ತೆಗೆದಿಡುತ್ತಿದ್ದೇನೆ.

ಸದ್ಯ ಹಿಂದಿನ ಎಡಗಡೆಯ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬಿಗಿಯಾಗಿದೆ, ಓಡಿಸಿ ಬಂದ ಮೇಲೆ ಆ ಚಕ್ರ ಮುಟ್ಟಿದರೆ ಉಳಿದ ಮೂರಕ್ಕಿಂತ ಬಿಸಿ. ಪಿನ್ ಮತ್ತು ರಬ್ಬರಿನ ಕಿಟ್ ಬಂದು ಮನೆಯಲ್ಲಿದೆ. ಶನಿವಾರ ಜ್ಯಾಕ್ ಹಾಕಬೇಕು.