ಧಾರವಾಡದ ಕೈ ಕಸೂತಿ ಸೀರೆ: ಮೊದಲು ಹಿಂದುಗಡೆ ನೋಡಿ, ಆಮೇಲೆ ರೇಟು ಕೇಳಿ

11,200 ರೂಪಾಯಿ. ಅದರಲ್ಲಿ ಇಳಕಲ್ ಸೀರೆಗೆ 3,400, ಉಳಿದ 7,800 ಅದರ ಮೇಲಿನ ಕೈ ಕಸೂತಿಗೆ. ಮೊತ್ತ ಕೇಳಿದ ಕೂಡಲೇ ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು ಕಣ್ಣರಳಿಸಿದರು. 'ಮಾರ್ಕೆಟ್ಟಿನಾಗ 1,800ಕ್ಕ ಕಸೂತಿ ಸೀರಿ ಸಿಗ್ತದಲ್ರೀ ಮೇಡಂ!' ಸಿಗುತ್ತೆ. ಅದೂ ಒಂದು ನನ್ನ ಬೀರುವಿನಲ್ಲಿದೆ, ದಿನಬಳಕೆಗೆ ಅಂತ ತಗೊಂಡಿದ್ದು. ಎರಡನ್ನೂ ಉಟ್ಟು, ಒಗೆದು, ಇಸ್ತ್ರಿ ಮಾಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವಳು. ವರ್ಗವಾಗಿ ಧಾರವಾಡಕ್ಕೆ ಬಂದೆ. ನಮ್ಮಲ್ಲಿ ಕಸೂತಿ ಅಂದರೆ ಮರದ ರಿಂಗಿಗೆ ಬಟ್ಟೆ ಬಿಗಿದು, ಪೆನ್ಸಿಲ್‌ನಲ್ಲಿ ಗುಲಾಬಿ ಬರೆದು, ಅದರ ಮೇಲೆ ಹೊಲಿಯೋದು. ಇಲ್ಲಿಯ ಕಸೂತಿಗೆ ಪೆನ್ಸಿಲ್ಲೂ ಇಲ್ಲ, ಕಾರ್ಬನ್ ಕಾಗದವೂ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ತೇರು, ಗೋಪುರ, ಅಂಬಾರಿ ಆನೆ, ತುಳಸಿ ಕಟ್ಟೆ, ನವಿಲು ಎಲ್ಲ ಎಬ್ಬಿಸಬೇಕು. ಗೆರೆ ಉದ್ದಕ್ಕೆ, ಅಡ್ಡಕ್ಕೆ, ಇಲ್ಲಾ ಓರೆಗೆ ಹೋಗುತ್ತೆ. ದುಂಡಗೆ ತಿರುಗಿಸೋಕೆ ಆಗಲ್ಲ. ಅದಕ್ಕೇ ಕಸೂತಿಯ ನವಿಲಿಗೆ ಮೆಟ್ಟಿಲು ಮೆಟ್ಟಿಲಾದ ಮೈ ಇರುತ್ತೆ. ನನಗೆ ಆ ನವಿಲೇ ಇಷ್ಟ. ಪ್ರಿಂಟ್ ಸೀರೆಗಳ ನುಣುಪು ನವಿಲು ನೋಡಿ ನೋಡಿ ಸಾಕಾಗಿದೆ.

ಈಗ ಅಸಲು ವಿಷಯ. ಧಾರವಾಡ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಕಸೂತಿ ಹೆಸರಿನಲ್ಲಿ ಕಣ್ಣಿಗೆ ಬೀಳೋದರಲ್ಲಿ ಮಷೀನಿನ ಕೆಲಸವೇ ಜಾಸ್ತಿ. ಮಷೀನಿನದು ಅಂತ ಹೇಳಿಯೇ ಮಾರಿದರೆ ನನ್ನ ತಕರಾರೇನಿಲ್ಲ. ಆದರೆ 1,800ರ ಸೀರೆ ಕೊಟ್ಟ ಅಂಗಡಿಯವರು 'ಪಕ್ಕಾ ಹ್ಯಾಂಡ್‌ವರ್ಕ್' ಅಂತ ನನ್ನ ಮುಖ ನೋಡಿಕೊಂಡೇ ಹೇಳಿದರು. ನಾನು ಸೆರಗು ತಿರುವಿ ತೋರಿಸಿದೆ. ಸುಮ್ನೆ ನಕ್ಕು ನೂರು ರೂಪಾಯಿ ಇಳಿಸಿದರು.

ಹಿಂದುಗಡೆ ಏನಿತ್ತು ಅಂದರೆ, ಬಿಳಿ ದಾರ. ಮಷೀನಿಗೆ ಎರಡು ದಾರ ಬೇಕು. ಸೂಜಿಯ ಬಣ್ಣದ ದಾರ ಮೇಲೆ, ಬಾಬಿನ್ ದಾರ ಕೆಳಗೆ, ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ಹೊಲಿಗೆ ಕೂರುತ್ತೆ. ಕೆಳಗಿನದು ಸಾಮಾನ್ಯವಾಗಿ ಒಂದೇ ಬಣ್ಣ. ಬಟ್ಟೆ ಸುಕ್ಕಾಗದ ಹಾಗೆ ಒಂದು ತೆಳು ಕಾಗದದಂಥದ್ದನ್ನು ಕೊಟ್ಟು ಹೊಲಿದಿರುತ್ತಾರೆ. ಅದರ ಚೂರು ಹೂವಿನ ಹಿಂದೆ ಉಳಿದುಬಿಡುತ್ತೆ. ಸೆಕೆಯಲ್ಲಿ ಆ ಸೀರೆ ಉಟ್ಟರೆ ಹೊಟ್ಟೆಯ ಹತ್ತಿರ ಚುಚ್ಚುತ್ತೆ, ನಿಜವಾಗಲೂ.

ಕೈ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತ್ಯೆ. ಗವಂತಿ ಗೆರೆ ಎಳೆದಂಥದ್ದು, ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗೋದು, ಎರಡೂ ಎರಡು ಬದಿ ಒಂದೇ ತರಹ ಕಾಣುತ್ತವೆ, ಗಂಟು ಎಲ್ಲೂ ಇರಲ್ಲ. ಹಾಗಂತ 'ಹಿಂದೆ ಬೇರೆ ಕಂಡರೆ ಅದು ಮಷೀನು' ಅಂತ ವಾಟ್ಸ್ಯಾಪಿನಲ್ಲಿ ಓಡಾಡುವ ಸಲಹೆ ಅರ್ಧ ಮಾತ್ರ ಸರಿ. ನೇಗಿ ನೋಡೋಕೆ ನೇಯ್ದ ಹಾಗಿರುತ್ತೆ, ಅದರ ಹಿಂಬದಿ ಬೇರೆಯೇ. ಮೆಂತ್ಯೆ ಅಂದರೆ ಕತ್ತರಿ ಹೊಲಿಗೆ, ತುಂಬಿಸೋಕೆ ಬಳಸೋದು. ಅದರ ಹಿಂದುಗಡೆಯೂ ಮುಂದಿನ ಹಾಗಿರಲ್ಲ. ಹಾಗಾಗಿ ಹಿಂದೆ ನೋಡುವಾಗ ಗೆರೆ ಎಳೆದಂಥ ಭಾಗ ಹುಡುಕಿ. ಗೋಪುರದ ಅಂಚು, ತೇರಿನ ಚೌಕಟ್ಟು. ಮುಂದೆ ಇರುವ ಬಣ್ಣವೇ ಹಿಂದೆಯೂ ಇದೆಯಾ, ಗಂಟಿಲ್ಲವಾ ಅಷ್ಟು ನೋಡಿ ಸಾಕು.

ನನಗೆ ಮಾಡಿಕೊಟ್ಟವರು ಧಾರವಾಡದಲ್ಲೇ ಮನೆಯಲ್ಲಿ ಕೂತು ಕಸೂತಿ ಹಾಕುವ ಒಬ್ಬ ಹಿರಿಯ ಹೆಂಗಸು. ಹೆಸರು ಬರೆಯಬೇಡಿ ಅಂದಿದ್ದಾರೆ, ಈಗಿರುವ ಕೆಲಸಕ್ಕೇ ಕೈ ಸಾಲುತ್ತಿಲ್ಲವಂತೆ. ರೇಟು ಕೇಳಿದ ತಕ್ಷಣ ಒಂದು ಹಳೆ ತುಂಡು ಕೈಗೆ ಕೊಟ್ಟರು. 'ಹಿಂದ ನೋಡ್ರಿ ಮೊದ್ಲ. ಆಮ್ಯಾಲ ರೊಕ್ಕದ ಮಾತು.'

ಅವರ ಕೈಯಲ್ಲಿ ಗವಂತಿ ನಡೆಯೋದನ್ನು ನೋಡುತ್ತಾ ಕೂತೆ. ಮೂರೋ ನಾಲ್ಕೋ ಎಳೆಗೊಂದು ಹೊಲಿಗೆ ಬಿಟ್ಟು ಬಿಟ್ಟು ಮುಂದೆ ಹೋಗುತ್ತಾರೆ. ಆಗ ಅದು ಬರೀ ಚುಕ್ಕಿ ಗೆರೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತಾರೆ. ನಡುವೆ ಸಿಗುವ ಕವಲುಗಳಿಗೂ ಹೋಗಿ ತಿರುಗಿ ಬರಬೇಕು. ಹೊರಟ ಜಾಗಕ್ಕೇ ದಾರ ಬಂದು ಸೇರಬೇಕು. ಎಲ್ಲಿ ಒಳಗೆ ಹೊಕ್ಕು ಎಲ್ಲಿ ಹೊರಗೆ ಬರಬೇಕು ಅನ್ನೋದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ಇರಬೇಕು. 'ಒಂದ ಎಳಿ ತಪ್ಪಿದ್ರ ಗೋಪುರ ಕೂಡೂದಿಲ್ಲ ತಂಗಿ, ಬಿಚ್ಚೂದ ಕೆಲಸ' ಅಂದರು. 7,800 ಯಾಕೆ ಅಂತ ನಾನು ಮತ್ತೆ ಕೇಳಲಿಲ್ಲ.

ಇಳಕಲ್ ಸೀರೆಯ ಮೈಯಲ್ಲಿ ಎಳೆ ಕಣ್ಣಿಗೆ ಸಿಗುತ್ತೆ, ನೇರ ಎಣಿಸಿಕೊಂಡು ಹಾಕಬಹುದು. ನುಣ್ಣನೆ ರೇಷ್ಮೆ ಒಯ್ದು ಕೊಟ್ಟರೆ ಮೇಲೆ ಜಾಲರಿ ಬಟ್ಟೆ ಕಟ್ಟಿ, ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಕೂಲಿ ಜಾಸ್ತಿ. ಹಿಂದೆ ಮದುವೆಗೆ ಅಂತ ಹಾಕುತ್ತಿದ್ದದ್ದು ಚಂದ್ರಕಾಳಿ ಸೀರೆಗೆ. ಕಪ್ಪು ರೇಷ್ಮೆಯ ಮೇಲೆ ಬಣ್ಣದ ಕಸೂತಿ. ನಾನೂ ಕಪ್ಪೇ ಕೇಳಿದ್ದೆ. 'ಕರೀ ಮ್ಯಾಲ ರಾತ್ರಿ ಕಣ್ಣ ಕಾಣಂಗಿಲ್ಲ, ಹಗಲಷ್ಟ ಹಾಕಬೇಕು' ಅಂದರು. ದಾಳಿಂಬೆ ಬಣ್ಣಕ್ಕೆ ಒಪ್ಪಿಕೊಂಡೆ.

ಚಿತ್ರಗಳ ಜೋಡಣೆ ಅವರಿಗೇ ಬಿಟ್ಟಿದ್ದೆ, ಒಳ್ಳೆಯದೇ ಆಯಿತು. ಕೆಂಪು ಬಿಳಿಯ ತೋಪು ತೆನೆ (ಇಳಕಲ್ ಸೆರಗಿನ ವಿನ್ಯಾಸ) ಸೆರಗಿನ ಹತ್ತಿರ ದೊಡ್ಡವು, ಅಂದರೆ ಎರಡು ತೇರು, ನಡುವೆ ತುಳಸಿ ಕಟ್ಟೆ. ಅಲ್ಲಿಂದ ಒಡಲಿಗೆ ಬರುತ್ತಾ ಸಣ್ಣ ನವಿಲು. ನೆರಿಗೆಯ ಹೊತ್ತಿಗೆ ನಕ್ಷತ್ರದಂಥ ಚಿಕ್ಕಿಗಳು ಮಾತ್ರ. ಇದೇ ಹಳೆಯ ಪದ್ಧತಿ. ಮಷೀನ್ ಸೀರೆಯಲ್ಲಿ ಒಂದೇ ಅಳತೆಯ ಆನೆ ಸೆರಗಿನಿಂದ ನೆರಿಗೆಯವರೆಗೆ ಸಾಲಾಗಿ ನಿಂತಿದೆ. ನೆರಿಗೆ ಹಿಡಿದರೆ ಆನೆಯ ಸೊಂಡಿಲು ಒಂದು ಕಡೆ, ಬಾಲ ಒಂದು ಕಡೆ.

ಬಣ್ಣಗಳು ಹಳದಿ, ಹಸಿರು, ಬಿಳಿ, ಕೇಸರಿ. ನನಗೆ ತಿಳಿ ನೀಲಿ, ಬೂದು ಬೇಕಿತ್ತು, ಈಗಿನ ಫ್ಯಾಶನ್ ಅಲ್ವಾ. ಅವರು ದಾರದ ಲಡಿಗಳನ್ನು ಸೀರೆಯ ಮೇಲೆ ಹರಡಿ ತೋರಿಸಿದರು. ದಾಳಿಂಬೆಯ ಮೇಲೆ ಬೂದು ಬಣ್ಣ ಕೊಳೆಯ ಹಾಗೆ ಕಾಣುತ್ತಿತ್ತು.

ದೂರುಗಳೂ ಇವೆ. ಶ್ರಾವಣಕ್ಕೆ ಕೊಡ್ತೀನಿ ಅಂದ ಸೀರೆ ದೀಪಾವಳಿಗೆ ಕೈ ಸೇರಿತು. ತಂಗಿಯ ಮನೆಯ ಗೃಹಪ್ರವೇಶ ಬೇರೆ ಸೀರೆಯಲ್ಲಿ ಮುಗಿಯಿತು. ಫೋನ್ ಮಾಡಿದರೆ 'ಆಗ್ತದವಾ, ಆಗ್ತದ' ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ. ಒಂದು ತೇರಿನ ಹಸಿರು ಇನ್ನೊಂದಕ್ಕಿಂತ ಒಂದು ಛಾಯೆ ಕಡು. ಲಡಿ ಮುಗಿದು ಹೊಸದು ತಂದಾಗ ಬಣ್ಣ ಕೂಡಿಲ್ಲ. ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತೆ. ಇಷ್ಟು ದುಡ್ಡು ಕೊಟ್ಟ ಮೇಲೆ ಅದು ಕಣ್ಣಿಗೆ ಚುಚ್ಚುತ್ತೆ. ದಾರವನ್ನು ಎರಡು ಲಡಿ ಜಾಸ್ತಿಯೇ ಒಟ್ಟಿಗೆ ತರಿಸಿ, ದುಡ್ಡು ನೀವೇ ಕೊಡಿ. ನೇಗಿ ಹಾಕಿದ ಕಡೆ ಹಿಂದೆ ದಾರ ಸ್ವಲ್ಪ ಸಡಿಲ ಓಡಿರುತ್ತೆ. ಉಡುವಾಗ ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತೆ.

ಒಗೆಯೋದು ಎಲ್ಲಕ್ಕಿಂತ ತಲೆನೋವು. ನನ್ನ ಸೆರಗಿನ ಕೆಂಪು ಮೊದಲ ನೀರಿನಲ್ಲಿ ಬಿಟ್ಟಿತು. ಅದೃಷ್ಟಕ್ಕೆ ಬಿಳಿ ದಾರದ ಮೇಲೆ ಕೂರಲಿಲ್ಲ. ಕಸೂತಿಗೆ ಕೊಡುವ ಮೊದಲು ಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಬೇರೆ ಸೀರೆ ಆರಿಸಿ, ಇಲ್ಲಾ ಡ್ರೈ ಕ್ಲೀನಿಂಗಿಗೆ ಮಾತ್ರ ಕೊಡಿ. ಇಸ್ತ್ರಿ ಹಿಂಬದಿಯಿಂದ, ಮೇಲೊಂದು ತೆಳು ಬಟ್ಟೆ ಹಾಕಿ.

ಇಷ್ಟಾದರೂ ಆಫೀಸಿಗೆ ಉಡುತ್ತೇನೆ. ಹಬ್ಬಕ್ಕೆ ಅಂತ ಎತ್ತಿಟ್ಟರೆ 11,200 ಬೀರುವಿಗೆ ಕೊಟ್ಟ ಹಾಗೆ. ಕಾಗದ ಇಲ್ಲ, ಚುಚ್ಚಲ್ಲ, ತೇರಿರುವ ಕಡೆ ಮಾತ್ರ ತುಸು ಭಾರ. ಸಾಲದ ಅರ್ಜಿ ಹಿಡಿದು ಬಂದ ನವಲಗುಂದದ ಕಡೆಯ ಒಬ್ಬ ಅಜ್ಜಿ ಅರ್ಜಿ ಪಕ್ಕಕ್ಕಿಟ್ಟು ನನ್ನ ಸೆರಗು ತಿರುವಿ ನೋಡಿದರು. 'ಕೈದ ಐತಿ' ಅಂತ ಪಕ್ಕದವರಿಗೆ ಹೇಳಿ ಅರ್ಜಿ ಮುಂದೆ ಚಾಚಿದರು.

ಎಲ್ಲರೂ ಸೀರೆಯನ್ನೇ ಮಾಡಿಸಬೇಕು ಅಂತ ನಾನು ಹೇಳಲ್ಲ. ಕೆಲಸ ಹೇಗಿದೆ ನೋಡೋಕೆ ಕುಪ್ಪಸದ ತೋಳಿಗೆ ಗವಂತಿ ಅಂಚು ಹಾಕಿಸಿ. ನನಗೆ 600 ತಗೊಂಡರು, ಹದಿನೈದು ದಿನದಲ್ಲಿ ಕೊಟ್ಟರು. ಗುಳೇದಗುಡ್ಡ ಖಣದ ಕುಪ್ಪಸಕ್ಕೆ ಮಾತ್ರ ಬೇಡ, ಆ ಬಟ್ಟೆಯಲ್ಲೇ ಬುಟ್ಟಾ ಇರುತ್ತೆ, ಕಸೂತಿ ಕಳೆದುಹೋಗುತ್ತೆ. ಕಸೂತಿಗೆ 2005-06ರಲ್ಲಿ ಜಿಐ (ಭೌಗೋಳಿಕ ಸೂಚಕ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಗುರುತು) ಮಾನ್ಯತೆ ಸಿಕ್ಕಿದೆ. ಅದನ್ನು ಪಡೆದದ್ದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ. ಅವರದೇ ಕಾವೇರಿ ಮಳಿಗೆಗೆ ಹೋದರೂ ಹಿಂದೆ ತಿರುವಿ ನೋಡುವ ಅಭ್ಯಾಸ ಬಿಡಬೇಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಚೌಕಾಸಿ ಮಾಡುವುದಿದ್ದರೆ ಸೀರೆಯ ಅಂಗಡಿಯಲ್ಲಿ ಮಾಡಿ. ಮನೆಯಲ್ಲಿ ಹಾಕಿಕೊಡುವವರ ಹತ್ತಿರ ದುಡ್ಡು ಉಳಿಸಬೇಕು ಅಂದರೆ ಹೂವು ಕಡಿಮೆ ಮಾಡಿಸಿ, ಕೂಲಿ ಕಡಿಮೆ ಮಾಡಿಸಬೇಡಿ.

ನಮ್ಮಕ್ಕನಿಗೆ ಈಗ ಒಂದು ಬೇಕಂತೆ, ಕಪ್ಪಿನದೇ. ಕೇಳಿದೆ. ಮಳೆಗಾಲದ ಮೋಡದಲ್ಲಿ ಕಪ್ಪು ಮುಟ್ಟಲ್ಲ, ಯುಗಾದಿ ಕಳೆದು ಬಿಸಿಲು ಜೋರಾದ ಮೇಲೆ ತಗೊಂಡು ಬನ್ನಿ ಅಂದಿದ್ದಾರೆ.