ಎರಡು ಠಾಣೆಗಳು, ಒಂದು ಅಗರಬತ್ತಿ

‘ದಹಾಡ್’ ಎಂಬ ಹಿಂದಿ ವೆಬ್ ಸರಣಿಯಲ್ಲಿ ಒಬ್ಬ ಪೇದೆಯಿದ್ದಾನೆ. ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ ಎದುರಿನಿಂದ ಹಾದುಹೋದಾಗಲೆಲ್ಲ ಅಗರಬತ್ತಿ ಹಚ್ಚುತ್ತಾನೆ. ದಲಿತ ಹೆಣ್ಣುಮಗಳು ನಡೆದ ಜಾಗ ಶುದ್ಧವಾಗಬೇಕಲ್ಲ!

2023ರ ಈ ಸರಣಿಯನ್ನೂ 2022ರ ‘ದೆಹಲಿ ಕ್ರೈಮ್’ ಎರಡನೇ ಸೀಸನ್ನನ್ನೂ ಎರಡು ವಾರಾಂತ್ಯಗಳಲ್ಲಿ ಬೆನ್ನುಬೆನ್ನಿಗೆ ನೋಡಿದೆ. ಬಿಗಿಯ ಮಾತು ಬಂದರೆ ದೆಹಲಿಯದೇ ಮೇಲು. ಐದೇ ಕಂತು, ಪೊಲೀಸ್ ಅಧಿಕಾರಿಯಾಗಿ ಶೆಫಾಲಿ ಶಾ ಕಣ್ಣಿನಲ್ಲೇ ಅರ್ಧ ಸಂಭಾಷಣೆ ಮುಗಿಸುತ್ತಾರೆ. ವೃದ್ಧರ ಕೊಲೆಗಳಾದ ಕೂಡಲೇ ಪೊಲೀಸರ ಅನುಮಾನ ಹೋಗುವುದು ವಿಮುಕ್ತ ಬುಡಕಟ್ಟುಗಳವರ ಮೇಲೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಅವರನ್ನು ಪಟ್ಟಿಗೆ ಸೇರಿಸಿದ 1871ರ ಕಾಯ್ದೆ 1952ರಲ್ಲಿ ರದ್ದಾಯಿತು. ಠಾಣೆಯವರ ತಲೆಯಲ್ಲಿ ಮಾತ್ರ ಇನ್ನೂ ಜಾರಿಯಲ್ಲಿದೆ. ಇದನ್ನು ಸರಣಿ ಧೈರ್ಯವಾಗಿ ತೋರಿಸುತ್ತದೆ. ಆದರೆ ಸಾಲಾಗಿ ಕೂರಿಸಿದ ಆ ಜನರಿಗಿಂತ, ಅವರನ್ನು ಕಂಡು ನಿದ್ದೆಗೆಡುವ ಅಧಿಕಾರಿಯ ಸಂಕಟವೇ ನಮಗೆ ಹೆಚ್ಚು ಪರಿಚಯವಾಗುತ್ತದೆ. ನನಗೆ ತೃಪ್ತಿಯಾಗದ್ದು ಇಲ್ಲೇ.

‘ದಹಾಡ್’ನಲ್ಲಿ ಜಾತಿ ಠಾಣೆಯೊಳಗೇ ಕುರ್ಚಿ ಹಾಕಿಕೊಂಡು ಕುಳಿತಿದೆ. ಕಥೆ ರಾಜಸ್ಥಾನದ್ದಾದರೂ ಅದರ ಬೇರು ನಮ್ಮ ದಕ್ಷಿಣ ಕನ್ನಡದಲ್ಲಿದೆ: ಸಯನೈಡ್ ಮೋಹನ್ ಪ್ರಕರಣ. ಶಾಲಾ ಶಿಕ್ಷಕನಾಗಿದ್ದ ಆತ ಮದುವೆಯ ಆಸೆ ತೋರಿಸಿ ಬಡ ಹುಡುಗಿಯರನ್ನು ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಸಯನೈಡ್ ಕೊಡುತ್ತಿದ್ದ. ಹೆಣಗಳು ಸಿಕ್ಕಿದ್ದು ಮಡಿಕೇರಿ, ಮೈಸೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ. ವರದಕ್ಷಿಣೆ ಹೊಂದಿಸಲಾಗದ ಮನೆಯ ಮಗಳು ಕಾಣೆಯಾದರೆ ‘ಓಡಿಹೋದಳು’ ಎಂದು ಬರೆದು ಮುಗಿಸುವ ಕಡತಗಳೇ ಕೊಲೆಗಾರನಿಗೆ ಆಸರೆ. 2009ರಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ, ಅನ್ಯಧರ್ಮದವನೊಂದಿಗೆ ಹೋದಳೆಂಬ ಗುಲ್ಲೆದ್ದು ಜನ ಪ್ರತಿಭಟಿಸಿದ ಮೇಲೆ ತನಿಖೆ ಚುರುಕಾಯಿತು. ಸರಣಿಯಲ್ಲೂ ಅಷ್ಟೇ. ತಂಗಿಯನ್ನು ಹುಡುಕಿಸಲಾಗದ ಬಡ ಅಣ್ಣ, ಅವಳನ್ನು ಮುಸ್ಲಿಂ ಹುಡುಗ ಕರೆದೊಯ್ದನೆಂದು ಸುಳ್ಳು ಹೇಳಿದ ಮೇಲೆಯೇ ಪೊಲೀಸರಿಗೆ ಕಿವಿ ಕೇಳಿಸುತ್ತದೆ. ಈ ಕಹಿ ವ್ಯಂಗ್ಯಕ್ಕೆ ದೆಹಲಿಯ ಇಡೀ ಸೀಸನ್ನಿನಲ್ಲಿ ಸಾಟಿ ಕಾಣಲಿಲ್ಲ.

ಕೊರತೆಗಳಿವೆ. ಎಂಟು ಕಂತು ಎಳೆತವೇ. ಕೊಲೆಗಾರ ಯಾರೆಂದು ಬೇಗ ಗೊತ್ತಾಗುವುದರಿಂದ ನಡುವೆ ಆಕಳಿಕೆಯೂ ಬಂತು. ಠಾಣಾಧಿಕಾರಿಯಾಗಿ ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ ಇರುವುದರಿಂದ ಸಹಿಸಿಕೊಂಡೆ ಎನ್ನಿ. ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಬೇಕೆನ್ನುವವರು ದೆಹಲಿಗೆ ಹೋಗಲಿ. ನಾನು ಮಾತ್ರ ಮತ್ತೊಮ್ಮೆ ‘ದಹಾಡ್’ನ ಕೊನೆಯ ಕಂತು ಹಾಕಿಕೊಂಡೆ, ಜಾತಿ ಮರೆಸಲು ಅಪ್ಪ ಇಟ್ಟಿದ್ದ ಭಾಟಿ ಎಂಬ ಅಡ್ಡಹೆಸರನ್ನು ಬಿಟ್ಟು ಅಂಜಲಿ ಮತ್ತೆ ತನ್ನ ದಲಿತ ಸಮುದಾಯದ ಹೆಸರಿನ ಮೇಘವಾಲ್ ಆಗಹೊರಡುವುದನ್ನು ನೋಡಲಿಕ್ಕೆ.